ವಿದೇಶಿ ಹಸಿರು ನೆರವು: ಗುಜರಾತ್‌ನ 3 ನಗರಗಳ ಲೆಕ್ಕ

2006ರ ಪ್ರವಾಹದಲ್ಲಿ ಮುಳುಗಿದ್ದ ಸೂರತ್‌ಗೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಸಿಕ್ಕಿತು; ಉಕಾಯಿ ಜಲಾಶಯದ ನೀರಿನ ಬಗ್ಗೆ ಮುನ್ನೆಚ್ಚರಿಕೆ ನೀಡುವ ವ್ಯವಸ್ಥೆ ರೂಪುಗೊಂಡಿತು. 2010ರ ಬಿಸಿಗಾಳಿಗೆ ತತ್ತರಿಸಿದ ಅಹಮದಾಬಾದ್ 2013ರಲ್ಲಿ ಹೀಟ್ ಆಕ್ಷನ್ ಪ್ಲಾನ್ ಜಾರಿಗೆ ತಂದಿತು. ರೂಪಿಸಲು ಅಮೆರಿಕದ ಎನ್‌ಆರ್‌ಡಿಸಿ ಜೊತೆಗಿತ್ತು. ಆದರೆ ನಡೆಸುವುದು ಪಾಲಿಕೆಯೇ, ದುಬಾರಿಯೂ ಅಲ್ಲ. ಯೋಜನೆ ಉಳಿದದ್ದು, ಬೇರೆ ನಗರಗಳಿಗೂ ಹಬ್ಬಿದ್ದು ಅದರಿಂದಲೇ ಎನ್ನಬೇಕು.

ವಡೋದರದ ದಾರಿ ಬೇರೆ. 2022ರ ಬಾಂಡ್‌ಗೆ ಅಮೆರಿಕದ ಖಜಾನೆ ಇಲಾಖೆ ಕೊಟ್ಟದ್ದು ದುಡ್ಡಲ್ಲ, ತಾಂತ್ರಿಕ ಸಲಹೆ. 2024ರಲ್ಲಿ ಪಾಲಿಕೆ ತ್ಯಾಜ್ಯನೀರು ಕಾಮಗಾರಿಗೆ 100 ಕೋಟಿ ರೂ.ಗಳ ಹಸಿರು ಬಾಂಡ್ ಬಿಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಬಡಾವಣೆಗಳು ಜಲಾವೃತವಾದವು. ಹಸಿರು ಬಾಂಡ್‌ನ ಹಣವನ್ನು ಹೆಸರಿಸಿದ ಕೆಲಸಕ್ಕಷ್ಟೇ ಬಳಸಬೇಕು. ನದಿಯ ಪಾಲಿಗೆ ಬೇರೆಯದೇ ಹಣ ಹುಡುಕಬೇಕು. ಈ ಸಾಲದ ಬಡ್ಡಿ ಕಟ್ಟುವವರು ವಾಷಿಂಗ್ಟನ್‌ನಲ್ಲಿಲ್ಲ, ವಡೋದರದಲ್ಲೇ ಇದ್ದಾರೆ.