ಯು.ಪಿ.ಎಸ್. ಪೆಟ್ಟಿಗೆಯ ಬ್ಯಾಟರಿ

ಮನೆಯಲ್ಲಿ ಗಣಕಯಂತ್ರವನ್ನಿಟ್ಟ ಗೃಹಸ್ಥರು ಅದರ ಮಗ್ಗುಲಲ್ಲಿ ಯು.ಪಿ.ಎಸ್. ಎಂಬ ಪೆಟ್ಟಿಗೆಯೊಂದನ್ನು ಇಡುವದು ರೂಢಿ. ಎರಡು ಮೂರು ವರ್ಷಗಳ ತರುವಾಯ ಅದು ವಿದ್ಯುತ್ತು ಹೋದೊಡನೆ ಒಮ್ಮೆ ಚೀರಿ ಸುಮ್ಮನಾಗುವದು. ಆಗ ಪೇಟೆಗೆ ಹೋಗಿ ಹೊಸ ಪೆಟ್ಟಿಗೆಯನ್ನೇ ಹೊತ್ತು ತರುವವರು ನಮ್ಮ ವಿಜಯಪುರದಲ್ಲಿ ಬಹಳ. ಎಣ್ಣೆ ತೀರಿತೆಂದು ಸಮೆಯನ್ನೇ ಬಿಸುಟಂತಾಯಿತು ಇದು. ಹೆಚ್ಚಾಗಿ ಕೆಟ್ಟಿರುವದು ಒಳಗಿನ ಬ್ಯಾಟರಿಯೊಂದೇ.

ಈ ಬ್ಯಾಟರಿಯ ಮೂಲಪುರುಷನು ಫ್ರಾನ್ಸದ ಗಾಸ್ಟನ್ ಪ್ಲಾಂಟೆ. ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿಟ್ಟು ವಿದ್ಯುತ್ತನ್ನು ಕೂಡಿಡುವ ಬಗೆಯನ್ನು ಅವನು 1859ರಲ್ಲಿ ತೋರಿಸಿದನು. ಮನೆಬಳಕೆಯ 600 ವಿ.ಎ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿಯಿರುವದು. ಗುಣಿಸಿದರೆ 84 ವ್ಯಾಟ್-ಗಂಟೆ. ಆದರೆ ಭಾರ ಹೆಚ್ಚಿದಂತೆ ಅದರಲ್ಲಿ ಅರ್ಧದಷ್ಟೇ ಕೈಗೆ ಬರುವದು. 150 ವ್ಯಾಟಿನ ಗಣಕಯಂತ್ರಕ್ಕೆ ಇದು 10ರಿಂದ 15 ನಿಮಿಷದ ಬುತ್ತಿ. ಪೆಟ್ಟಿಗೆಯ ಹೆಸರಿನಲ್ಲಿ ‘ಅಖಂಡ ವಿದ್ಯುತ್ತು’ ಎಂಬ ಅರ್ಥವಿದೆ. ಅಲಂಕಾರಶಾಸ್ತ್ರದಲ್ಲಿ ಇದನ್ನು ಅತಿಶಯೋಕ್ತಿ ಎನ್ನುವರು. ಬರೆದುದನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚುವದಕ್ಕೆ ಅಷ್ಟು ಸಮಯ ಸಾಕು.

ಐದು ವರ್ಷ ಬಾಳಬಹುದಾದ ಬ್ಯಾಟರಿಯು ನಮ್ಮಲ್ಲಿ ಬೇಗ ಸಾಯುವದೇಕೆ? ಮೊದಲನೆಯ ಶತ್ರು ಬಿಸಿಲು. ಇದು 20ರಿಂದ 25 ಅಂಶದ ಉಷ್ಣಕ್ಕೆ ಹೇಳಿಸಿದ ವಸ್ತು. ಅದಕ್ಕಿಂತ 10 ಅಂಶ ಏರಿದಲ್ಲೆಲ್ಲ ಆಯುಷ್ಯವು ಸುಮಾರು ಅರ್ಧಕ್ಕಿಳಿಯುವದು. ನಮ್ಮ ಬೇಸಗೆಯೋ 40 ಅಂಶವನ್ನು ದಾಟತಕ್ಕದ್ದು. ಆದ್ದರಿಂದ ಪೆಟ್ಟಿಗೆಯನ್ನು ಪಡುವಣ ಗೋಡೆಗೆ ಒತ್ತಿ ಇಡಬಾರದು, ಅರಿವೆ ಹೊದಿಸಬಾರದು. ಎರಡನೆಯದು ವೋಲ್ಟೇಜಿನ ಕುಸಿತ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ಸೀಮೆಯಲ್ಲಿ ಪಂಪುಗಳೆಲ್ಲ ಒಟ್ಟಿಗೆ ನಡೆಯುವ ಹೊತ್ತಿಗೆ ಮನೆಯ ದೀಪ ಮಂಕಾಗುವದುಂಟು. ದೀಪ ಆರದಿದ್ದರೂ ಪೆಟ್ಟಿಗೆಯು ತನ್ನ ಮಿತಿಗಿಂತ ಕೆಳಗಿನ ವೋಲ್ಟೇಜನ್ನು ಒಪ್ಪದೆ ಬ್ಯಾಟರಿಯನ್ನು ಉಣ್ಣತೊಡಗುವದು. ಹೀಗೆ ದಿನಕ್ಕೆ ಹತ್ತು ಸಲ.

ತಿಕೋಟಾದಲ್ಲಿರುವ ನಮ್ಮ ತಂಗಿಯ ಮಗನು ಒಣದ್ರಾಕ್ಷಿಯ ವ್ಯಾಪಾರದ ಲೆಕ್ಕವನ್ನು ಗಣಕಯಂತ್ರದಲ್ಲಿಡುತ್ತಾನೆ. ಒಂದು ಸಂಜೆ ವಿದ್ಯುತ್ತು ಹೋಯಿತು, ಪೆಟ್ಟಿಗೆ ಕೈಬಿಟ್ಟಿತು, ದಿನವಿಡೀ ಬರೆದ ರೈತರ ತೂಕಗಳು ಅಳಿದವು. ಚೀಟಿಗಳು ಉಳಿದಿದ್ದುದು ಪುಣ್ಯ. ನಡುರಾತ್ರಿಯವರೆಗೆ ಗಂಡಹೆಂಡಿರಿಬ್ಬರೂ ಕುಳಿತು ಮತ್ತೆ ಬರೆದರು. ಮರುದಿನ ಅಂಗಡಿಕಾರರೊಬ್ಬರು ‘ಹೊಸದನ್ನೇ ಒಯ್ಯಿರಿ’ ಎಂದರಂತೆ. ಬ್ಯಾಟರಿಯನ್ನಷ್ಟೇ ಬದಲಿಸಿದ ಆ ಪೆಟ್ಟಿಗೆ ಇಂದಿಗೂ ನಡೆದಿದೆ.

ಪರೀಕ್ಷೆ ಸುಲಭ. ಕೆಲಸವನ್ನೆಲ್ಲ ಉಳಿಸಿಟ್ಟು, ಗೋಡೆಯ ಗುಂಡಿಯನ್ನು ಆರಿಸಿ ಗಡಿಯಾರ ನೋಡಿರಿ. ಒಂದೆರಡು ನಿಮಿಷದೊಳಗೆ ಆರಿದರೆ ಬ್ಯಾಟರಿ ಮುಗಿಯಿತೆಂದು ತಿಳಿಯತಕ್ಕದ್ದು. ಮೀಟರಿನಲ್ಲಿ 12 ವೋಲ್ಟು ತೋರಿತೆಂದು ನಂಬಲಾಗದು. ಭಾರವಿಲ್ಲದಾಗ ಸತ್ತ ಬ್ಯಾಟರಿಯೂ ಅಷ್ಟನ್ನು ತೋರಬಲ್ಲದು. ಮೈ ಉಬ್ಬಿದ್ದರೆ ಪರೀಕ್ಷೆಯೇ ಬೇಡ, ಕೂಡಲೆ ತೆಗೆಯಿಸಬೇಕು. ಪೆಟ್ಟಿಗೆಯೊಳಗೆ ತಂತಿ ಕಿತ್ತ ಮೇಲೂ ವಿದ್ಯುತ್ತು ನಿಂತಿರುವದುಂಟಾದ್ದರಿಂದ, ತಿಳಿದ ಕುಶಲಿಯ ಕೈಯಿಂದಲೇ ಬಿಚ್ಚಿಸುವದು ಲೇಸು.

ಕೊಳ್ಳುವಾಗ ಹಳೆಯದರ ವೋಲ್ಟು, ಅಳತೆಗಳಿಗೆ ಸರಿಯಾದುದನ್ನೇ ಕೇಳಿರಿ. ಮುಖ್ಯವಾಗಿ, ತಯಾರಾದ ತಿಂಗಳನ್ನು ನೋಡಿರಿ. ಚಾರ್ಜಿಲ್ಲದೆ ವರ್ಷಗಟ್ಟಲೆ ಅಂಗಡಿಯಲ್ಲಿ ಕುಳಿತ ಬ್ಯಾಟರಿಯ ಸೀಸದ ಹಾಳೆಗಳ ಮೇಲೆ ಗಟ್ಟಿ ಹರಳು ಕಟ್ಟುವದು. ಹೆಸರಿಗೆ ಹೊಸದು, ಗುಣದಲ್ಲಿ ಮುದುಕ. ಲೇಸರ್ ಮುದ್ರಣಯಂತ್ರವನ್ನು ಈ ಸಣ್ಣ ಪೆಟ್ಟಿಗೆಗೆ ಎಂದೂ ಜೋಡಿಸಬೇಡಿರಿ.

ಹಳೆಯ ಬ್ಯಾಟರಿಯನ್ನು ತಿಪ್ಪೆಗೂ, ಮನೆಬಾಗಿಲಿಗೆ ಬರುವ ಗುಜರಿಯವನಿಗೂ ಕೊಡಲಾಗದು. ಅದನ್ನು ಒಡೆದು ಬಯಲಲ್ಲಿ ಸೀಸ ಕರಗಿಸಿದರೆ ಆ ಹೊಗೆ, ಆ ಧೂಳು ಮೊದಲು ತಗಲುವದು ಮಕ್ಕಳ ಬುದ್ಧಿಗೆ. ಇದನ್ನು ಬೇರೆ ಕಸದೊಡನೆ ಬೆರೆಸದೆ, ಸಂಗ್ರಹಿಸುವವರಿಗೆ ಒಪ್ಪಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಳಕೆದಾರರಿಗೂ ವಿಧಿಸಿವೆ. ಸೀಸಕ್ಕೆ ಬೆಲೆಯಿರುವದರಿಂದ ಬ್ಯಾಟರಿ ಮಾರುವವರು ಹಳೆಯದನ್ನು ತಕ್ಕೊಂಡು ಹೊಸದರ ಕಿಮ್ಮತ್ತಿನಲ್ಲಿ ಕೆಲವು ರೂಪಾಯಿ ಇಳಿಸುವದುಂಟು. ಆ ಕಡಿತವನ್ನು ಪಾವತಿಯಲ್ಲಿ ಬರೆಸಿಕೊಳ್ಳಿರಿ.