ಏಳಕ್ಷರದ ಪರೀಕ್ಷೆ

ಕೈಯಲ್ಲಿರುವುದು ಏಳೇ ಇಂಗ್ಲಿಷ್ ಅಕ್ಷರ. ಹಲಗೆಯ ಮೇಲಿನ ಪದಗಳಿಗೆ ಹೊಂದುವಂತೆ ಅವುಗಳಿಂದ ಹೊಸ ಪದ ಹುಟ್ಟಬೇಕು. ಇದು ಸ್ಕ್ರ್ಯಾಬಲ್ ಆಟ. ಇದನ್ನು ಕಲ್ಪಿಸಿದವನು ಒಬ್ಬ ನಿರುದ್ಯೋಗಿ!

ಆಲ್‌ಫ್ರೆಡ್ ಬಟ್ಸ್ ನ್ಯೂಯಾರ್ಕಿನ ವಾಸ್ತುಶಿಲ್ಪಿ. 1931ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಆತನ ಕೆಲಸ ಹೋಯಿತು. ಆಟವೊಂದನ್ನು ರಚಿಸಿ ಬದುಕಲೆಳಸಿದ ಆತನು ವೃತ್ತಪತ್ರಿಕೆಗಳನ್ನು ಹರಡಿಕೊಂಡು, ಯಾವ ಅಕ್ಷರ ಎಷ್ಟು ಸಲ ಬರುವುದೆಂದು ಎಣಿಸಿದನು. ಆ ಲೆಕ್ಕವೇ ಆಟಕ್ಕೆ ತಳಹದಿಯಾಯಿತು. 100 ಬಿಲ್ಲೆಗಳಲ್ಲಿ ‘ಇ’ 12. ಬೆಲೆ 1 ಅಂಕ. ಅಪರೂಪದ ‘ಕ್ಯೂ’ ಒಂದೇ, ಬೆಲೆ 10. ‘ಎಸ್’ ಮಾತ್ರ ಬೇಕೆಂದೇ ನಾಲ್ಕು; ಇಲ್ಲವಾದರೆ ಕಂಡ ಪದಕ್ಕೆಲ್ಲ ಬಾಲ ಹಚ್ಚಿ, ಬಹುವಚನದಿಂದಲೇ ಗೆಲ್ಲಬಹುದಾಗಿತ್ತು.

ತಯಾರಕರು ಆಟವನ್ನು ತಿರಸ್ಕರಿಸಿದರು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬಾತನು ನಿಯಮಗಳನ್ನು ತಿದ್ದಿ, ಇಂದಿನ ಹೆಸರಿಟ್ಟನು. ಕೆಲವೇ ವರ್ಷಗಳಲ್ಲಿ ಅದು ಮನೆಮಾತಾಯಿತು.

1993ರವರೆಗೆ ಬಾಳಿದ ಬಟ್ಸ್ ತನ್ನ ಆಟದ ಕೀರ್ತಿಯನ್ನು ಕಣ್ಣಾರೆ ಕಂಡನು. ಆದರೆ ಅಕ್ಷರಗಳಿಗೆ ಬೆಲೆ ಕಟ್ಟಿದ ಆತನ ಕಾಗುಣಿತ ಅಷ್ಟಕ್ಕಷ್ಟೇ. ಮನೆಯಲ್ಲಿ ಆಡಿದಾಗ ಮಡದಿ ನೀನಾಳದೇ ಮೇಲುಗೈಯಂತೆ!