ಹಳೆಯ ಸೀರೆಯೂ ಕಾಲರಾ ರೋಗವೂ

ಕಾಲರಾ ರೋಗಾಣುವಿನ ಉದ್ದ ಸುಮಾರು 2 ಮೈಕ್ರಾನ್. ಬಟ್ಟೆಯಲ್ಲಿ ಸೋಸಿದರೆ ಅದು ನಿಲ್ಲುವುದುಂಟೆ? ಭೌತವಿಜ್ಞಾನವನ್ನು ಬೋಧಿಸುವ ನಾವು ಮೊದಲು ನಕ್ಕುದು ನಿಜ. ನಮ್ಮ ಲೆಕ್ಕದಲ್ಲಿ ಒಂದು ಜೀವಿ ಬಿಟ್ಟುಹೋಗಿತ್ತು. ಕೆರೆ, ಹೊಳೆಗಳಲ್ಲಿ ಈ ರೋಗಾಣುಗಳು ಬಹುಮಟ್ಟಿಗೆ ಸೀಗಡಿಯ ಬಳಗದ ಕೋಪಿಪಾಡ್ ಎಂಬ ಕಿರುಜೀವಿಗಳ ಮೈಗೆ ಅಂಟಿಕೊಂಡಿರುತ್ತವೆ. ಒಂದೊಂದರ ಮೇಲೆ ಸಾವಿರಾರು! ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಬಾರಿಯಾದರೂ ಮಡಿಸಿದರೆ ಅದರ ರಂಧ್ರಗಳು ಸುಮಾರು 20 ಮೈಕ್ರಾನಿಗೆ ಇಳಿಯುತ್ತವೆ. ರೋಗಾಣು ನುಸುಳಬಹುದು, ಅದರ ವಾಹನ ನುಸುಳಲಾರದು. ಹೊಸದಕ್ಕಿಂತ, ಒಗೆದು ಒಗೆದು ನೂಲೆದ್ದ ಸೀರೆಯೇ ಮೇಲು. ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿ, ರೋಗವು ಶೇಕಡ 48ರಷ್ಟು ತಗ್ಗಿತೆಂದು 2003ರಲ್ಲಿ ಪ್ರಕಟಿಸಿದರು.

ಉಳಿದರ್ಧದ ಗತಿಯೇನು? ಸೀರೆಯು ಕುದಿಸಿದ ನೀರಿಗೆ ಸಮವಲ್ಲ. ರೋಗಿಯ ಮಲವು ನೀರನ್ನು ಸೇರದಂತೆ ತಡೆಯುವ ಚರಂಡಿ, ಕ್ಲೋರಿನ್ ಬೆರೆಸಿದ ನಲ್ಲಿಯ ನೀರು, ಇವು ಸರ್ಕಾರದ ಹೊಣೆ. ಸೀರೆಯ ನೆಪದಲ್ಲಿ ಅದನ್ನು ಮುಂದೂಡುವುದನ್ನು ನಾವು ಒಪ್ಪೆವು. ಸೌದೆಯೇ ಇಲ್ಲದ ಮನೆಯಾಕೆಗೆ ‘ಕುದಿಸಿ ಕುಡಿಯಿರಿ’ ಎಂದಷ್ಟೇ ಉಪದೇಶಿಸಿ ಹಿಂದಿರುಗುವುದನ್ನೂ ಒಪ್ಪೆವು. ನಲ್ಲಿ ಬರುವವರೆಗೆ ಆಕೆ ಕೊಡದ ಬಾಯಿಗೆ ಸೀರೆ ಕಟ್ಟಿ ನೀರು ತುಂಬಲಿ. ಆಮೇಲೆ ಅದನ್ನು ಜಾಲಿಸಿ ಬಿಸಿಲಿಗೆ ಹರವಲಿ.